ಜಯಶೀಲಾಳ ಸುಳ್ಳು ಗಿರಾಕಿಗಳು

ಜಯಶೀಲಾಳ ಜೊತೆ ಹೋಟೆಲಿಗೆ ಹೋಗುವುದೆಂದರೆ ನನಗೆ ತಲೆನೋವು. ನಾನು ಮಸಾಲೆ ದೋಸೆ ಹೇಳಿ ಆರಾಮಾಗಿ ಕೂತಿದ್ದರೆ ಅವಳು ಮಾಣಿಯನ್ನು ನಿಲ್ಲಿಸಿಕೊಂಡು, ದೋಸೆ ತಡವಾದರೆ ಇಡ್ಲಿ ಇದೆಯಾ, ಇಡ್ಲಿ ಮುಗಿದಿದ್ದರೆ ಏನಿದೆ ಎಂದು ವಿಚಾರಣೆ ಶುರುಮಾಡುತ್ತಾಳೆ. "ಬರುತ್ತೆ ಮೇಡಂ" ಎಂದು ಅವನು ಹೇಳಿದರೆ, "ಬರ್ದೇ ಇದ್ರೆ?" ಎನ್ನುತ್ತಾಳೆ. ಪಾಪ, ಅವನಿಗೇನು ಗೊತ್ತು, ಅವಳು ಹೊಟ್ಟೆಪಾಡಿಗೆ ಮಾಡುವ ಕೆಲಸವೇ ಅದು ಎಂದು.

ನಾವಿಬ್ಬರೂ ಒಂದೇ ಆಫೀಸು, ಬನಶಂಕರಿಯಲ್ಲಿ ಒಂದೇ ರಸ್ತೆ. ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ಕೂತು ಜೆ.ಪಿ. ನಗರಕ್ಕೆ ಹೋಗುತ್ತೇನೆ. ನಾನು, ಅನ್ನಪೂರ್ಣ, ಅಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ಅವಳು ಟೆಸ್ಟಿಂಗ್. ಅರಸೀಕೆರೆಯ ಕಡೆಯ ಹುಡುಗಿ, ಬಿ.ಸಿ.ಎ. ಮುಗಿಸಿ ಪಾತ್ರೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದವಳು. ಡೇಟಾ ಎಂಟ್ರಿಗೆಂದು ಸೇರಿ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಹುಡುಕಿ ಹೇಳುತ್ತಿದ್ದುದನ್ನು ನೋಡಿ ನಮ್ಮ ಮ್ಯಾನೇಜರ್ ಅವಳನ್ನು ಟೆಸ್ಟಿಂಗಿಗೇ ಹಾಕಿದರು. ಈಗ ಅವಳು ಒಪ್ಪದೆ ನಮ್ಮಲ್ಲಿ ಒಂದು ಸಾಲು ಕೋಡೂ ಹೊರಗೆ ಹೋಗುವುದಿಲ್ಲ.

ನಮ್ಮದು ಸಣ್ಣಪುಟ್ಟ ಅಂಗಡಿಗಳವರು ಮೊಬೈಲಿನಲ್ಲಿ ಆರ್ಡರ್ ತಗೊಂಡು ಸಾಮಾನು ಮನೆಗೆ ಕಳಿಸಲು ಬೇಕಾದ ಸಾಫ್ಟ್‌ವೇರ್ ಮಾಡುವ ಕಂಪನಿ. ಆ ಪ್ರೋಗ್ರಾಂ ಒಂಟಿಯಾಗಿ ಏನನ್ನೂ ಮಾಡಲಾರದು. ಹಣ ಪಡೆಯಲು ಹೊರಗಿನ ಒಂದು ಕಂಪನಿಯ ಸರ್ವೀಸನ್ನು ಕೇಳಬೇಕು, ಮೆಸೇಜ್ ಕಳಿಸಲು ಇನ್ನೊಂದನ್ನು, ಸಾಮಾನು ತಲುಪಿಸುವ ಹುಡುಗರನ್ನು ಕರೆಯಲು ಮತ್ತೊಂದನ್ನು. ಕೋಡಿನಲ್ಲಿ ಏನೋ ತಿದ್ದಿದಾಗಲೆಲ್ಲ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಬೇಕಲ್ಲ? ಪ್ರತಿ ಸಲವೂ ನಿಜವಾದ ಕಂಪನಿಯನ್ನೇ ಕೇಳಿದರೆ ಯಾರದೋ ಮನೆ ಬಾಗಿಲಿಗೆ ನಿಜವಾಗಿಯೂ ಹುಡುಗ ಬಂದು ನಿಲ್ಲುತ್ತಾನೆ. ಅವರ ಕಡೆ ಕೆಟ್ಟಿದ್ದರೆ ತಪ್ಪು ನಮ್ಮದೋ ಅವರದೋ ತಿಳಿಯುವುದಿಲ್ಲ. ಅದಕ್ಕೆ ಆ ಕಂಪನಿಯ ವೇಷ ಹಾಕಿಕೊಂಡು ಉತ್ತರ ಕೊಡುವ ಪುಟ್ಟದೊಂದು ಸುಳ್ಳು ಸರ್ವೀಸನ್ನು ನಮ್ಮವರೇ ಬರೆದಿಟ್ಟುಕೊಳ್ಳುತ್ತಾರೆ. ಅದಕ್ಕೆ ಮಾಕ್ ಎನ್ನುತ್ತಾರೆ. ನಾಟಕದ ಪ್ರಾಕ್ಟೀಸಿಗೆ ರಾಜನ ಪಾತ್ರದವನು ಬರದ ದಿನ ಬೇರೆ ಯಾರೋ ನಿಂತು ಅವನ ಮಾತು ಹೇಳಿದ ಹಾಗೆ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಆದ್ದರಿಂದ ನಿಮಗೆ ಒಂದೇ ಸಲಕ್ಕೆ ಹೇಳಿಬಿಡುತ್ತಿದ್ದೇನೆ.

ಜಯಶೀಲಾಳ ಗಂಡ ಕೈಲಾಸ್. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ರಸ್ತೆಯಲ್ಲಿ ಅವರ ತಂದೆ ಇಟ್ಟ ಪಾತ್ರೆ ಅಂಗಡಿ. ಕೈಲಾಸ್ ಅಂದರೆ ಮಾತಿನ ಮಲ್ಲ. ಚಮಚ ಕೊಳ್ಳಲು ಹೋದ ನಾನು ಒಮ್ಮೆ ದೊಡ್ಡ ಕೊಳಗ ಹೊತ್ತು ಬಂದಿದ್ದೇನೆ, ಅದು ಈಗಲೂ ನಮ್ಮ ಅಟ್ಟದ ಮೇಲಿದೆ. ಅಂಥವರಿಗೆ ಹೋದ ಕಾರ್ತೀಕದಲ್ಲಿ ಸ್ಟ್ರೋಕ್ ಹೊಡೆಯಿತು. ಕೈಕಾಲು ಬೇಗ ಸುಧಾರಿಸಿದವು. ಮಾತು ಮಾತ್ರ ಸುಧಾರಿಸಲಿಲ್ಲ. ತಲೆಯಲ್ಲಿ ಎಲ್ಲ ಸ್ಪಷ್ಟ, ಲೆಕ್ಕ ಸರಿ, ಎದುರಿನವರು ಹೇಳಿದ್ದೂ ಪೂರ್ತಿ ತಿಳಿಯುತ್ತದೆ. ಹೇಳಬೇಕಾದ ಪದವೊಂದು ಹೊರಗೆ ಬರದೆ ಸತಾಯಿಸುತ್ತದೆ. ಕೆಲವು ಸಲ ಬರುತ್ತದೆ, ಕೆಲವು ಸಲ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಾರೆ.

ಅಷ್ಟು ದಿನ ಅಂಗಡಿಯನ್ನು ಹಳೆಯ ಕೆಲಸಗಾರ ಶಿವರಾಜ್ ನಡೆಸಿದ. ಆದರೆ ಗಲ್ಲಾದ ಮೇಲೆ ಮನೆಯವರು ಕೂರದ ಅಂಗಡಿ ಎಷ್ಟು ದಿನ ನಡೆದೀತು? ಸಿದ್ದಾಪುರದಲ್ಲಿ ಬೇರೆ ಅಂಗಡಿ ಇಟ್ಟಿರುವ ತಮ್ಮ ಸೋಮನಾಥನಿಗೆ ಕೈಲಾಸ್ ತಾವೇ ಮಾತು ಕೊಟ್ಟುಬಿಟ್ಟಿದ್ದರು: ಗೌರಿ ಹಬ್ಬದ ವ್ಯಾಪಾರಕ್ಕೆ ನನಗೆ ಕೂರಲಾಗದಿದ್ದರೆ ಅಂಗಡಿ ನಿನ್ನದು. ತಮ್ಮ ಒಳ್ಳೆಯವನೇ, ಬೇಡ ಅಂದ. ಇವರು ಕೇಳಲಿಲ್ಲ. ಆ ಗಲ್ಲಾದ ಮೇಲೆ ಕೂರದ ಕೈಲಾಸ್ ಏನಾಗುತ್ತಾರೆ ಎಂಬುದು ಜಯಶೀಲಾಳಿಗೆ ಗೊತ್ತಿತ್ತು. ಮನೆಯಲ್ಲಿ ಟಿ.ವಿ. ಮುಂದೆ ಕೂತು ದಿನದಿನಕ್ಕೂ ಮಾತು ಕಮ್ಮಿ ಮಾಡುತ್ತಾ, ಕೊನೆಗೆ ಆಡುವುದನ್ನೇ ಬಿಟ್ಟುಬಿಡುತ್ತಾರೆ.

ಹಾಗಾಗಿ ಅವಳು ತನಗೆ ಗೊತ್ತಿದ್ದ ವಿದ್ಯೆಯನ್ನೇ ಹೂಡಿದಳು. ಸಂಜೆ ಊಟದ ಮೇಜೇ ಅಂಗಡಿಯಾಯಿತು. ಅಡುಗೆಮನೆಯ ಪಾತ್ರೆಗಳೆಲ್ಲ ಮೇಜಿಗೆ ಬಂದವು, ಕೈಲಾಸ್ ಆಚೆ ಬದಿ ಕೂತರು, ಅವಳು ಬ್ಯಾಗು ತಗಲಿಸಿಕೊಂಡು ಬಾಗಿಲಿನಿಂದ ಗಿರಾಕಿಯಾಗಿ ಬಂದಳು.

"ಸಾರ್, ಕುಕ್ಕರ್ ಗ್ಯಾಸ್ಕೆಟ್ ಇದೆಯಾ?"

"ಎಷ್ಟು... ಎಷ್ಟು..."

ಜಯಶೀಲಾ ಮುಗುಳ್ನಗುತ್ತಾ ನಿಂತಳು.

"ಎಷ್ಟು... ಲೀಟರ್ದು?"

"ಐದು ಲೀಟರ್ದು ಸಾರ್. ನಿಧಾನವಾಗಿ ನೋಡಿ, ನಂಗೇನೂ ಅವಸರ ಇಲ್ಲ."

ಪಿ.ಯು.ಸಿ. ಓದುವ ಮಗಳು ಸಿರಿ ಸೋಫಾದಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಅವತ್ತು ಅವಳ ಜೊತೆಗೇ ಬಂದಿದ್ದ ನಾನೂ ತಟ್ಟಿದೆ. ದಿನಾ ಹೀಗೇ ನಡೆಯಿತು. ಜಯಶೀಲಾಳ ಗಿರಾಕಿಗಳು ಬಗೆಬಗೆಯವರು, ಒಬ್ಬಳಿಗೆ ಹಿತ್ತಾಳೆ ದೀಪ, ಒಬ್ಬಳಿಗೆ ಇಡ್ಲಿ ಪಾತ್ರೆ, ಒಬ್ಬಳಿಗೆ ಮಗುವಿನ ಟಿಫನ್ ಡಬ್ಬಿ. ಎಲ್ಲರೂ ತಾಯಿಯಂಥವರು. ಕೈಲಾಸ್ ಎಲ್ಲರಿಗೂ ಮಾರಿದರು. ಆಷಾಢದಲ್ಲಿ ಹೇಗೂ ವ್ಯಾಪಾರ ತಣ್ಣಗಿರುತ್ತದೆ, ಒಂದು ದಿನ ಕೂತು ನೋಡಲಿ ಎಂದು ಅವಳೇ ಸ್ಕೂಟರಿನಲ್ಲಿ ಕರೆದೊಯ್ದು ಬಿಟ್ಟುಬಂದಳು. ಅವತ್ತು ಇಡೀ ದಿನ ಆಫೀಸಿನಲ್ಲಿ ಅವಳ ಮುಖ ಮದುವೆಮನೆಯ ಹಾಗಿತ್ತು.

ಅಂಗಡಿಯಲ್ಲಿ ಏನಾಯಿತೆಂದು ಆಮೇಲೆ ಹೇಳಿದವನು ಶಿವರಾಜ್. ಬೆಳಿಗ್ಗೆ ಒಬ್ಬ ಹೆಂಗಸು ಕಾರನ್ನು ರಸ್ತೆ ಮಧ್ಯೆ ನಿಲ್ಲಿಸಿ ಓಡಿಬಂದು ಇಡ್ಲಿ ಪಾತ್ರೆಯ ಬೆಲೆ ಕೇಳಿದಳಂತೆ. ಇವರು ಹೇಳಲು ಬಾಯಿ ತೆರೆದು ಪದಕ್ಕೆ ತಡಕಾಡುತ್ತಿರುವಾಗಲೇ ಶಿವರಾಜನ ಕಡೆ ತಿರುಗಿ, "ಇವ್ರಿಗೇನಾಗಿದೆ? ನೀವ್ ಹೇಳ್ರೀ ಬೇಗ" ಅಂದಳಂತೆ. ಆಮೇಲೆ ಬಂದ ಹುಡುಗನೊಬ್ಬ ಇವರ ಪ್ರತಿ ಮಾತನ್ನೂ ತಾನೇ ಮುಗಿಸಿಕೊಟ್ಟ, ಎಲ್ಲವನ್ನೂ ತಪ್ಪಾಗಿ. ಮತ್ತೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದು, ಉತ್ತರಕ್ಕೂ ಕಾಯದೆ ಪಕ್ಕದ ಅಂಗಡಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಕೈಲಾಸ್ ಗಲ್ಲಾದಿಂದ ಎದ್ದು ಒಳಗಿನ ಗೋಡೌನಿನಲ್ಲಿ ಪೆಟ್ಟಿಗೆಗಳ ನಡುವೆ ಕೂತುಬಿಟ್ಟರು. ಕತ್ತಲಾಗುವವರೆಗೂ ಹೊರಗೆ ಬರಲಿಲ್ಲ.

ಮನೆಯಲ್ಲಿ ಜಯಶೀಲಾ ರೊಟ್ಟಿ ಹಾಕಿದಳು. ಅವರು ಮುಟ್ಟಲಿಲ್ಲ. ಒಂದೊಂದೇ ಪದ ಹೊರಗೆ ತಂದು ಹೇಳಿದರು.

"ನಿನ್ನಂಥ... ಗಿರಾಕಿ... ಯಾರೂ ಬರಲ್ಲ."

ಅದಾದ ಮೇಲೆ ಮೇಜಿನ ಅಂಗಡಿ ಮುಚ್ಚಿತು. ಸೋಮನಾಥನಿಗೆ ಫೋನ್ ಮಾಡು ಎಂದು ಕೈಯಲ್ಲೇ ಸನ್ನೆ ಮಾಡಿದರು. ಇವಳು ಮಾಡುತ್ತೇನೆ ಎಂದು ತಲೆಯಾಡಿಸಿ ಮಾಡದೆ ದಿನ ತಳ್ಳಿದಳು. ಸ್ಕೂಟರಿನಲ್ಲಿ ನನ್ನ ಜೊತೆಯೂ ಮಾತಿಲ್ಲ. ರಾಗಿಗುಡ್ಡದ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂದರೂ ನಿಂತೇ ಇರುತ್ತಿದ್ದಳು, ಹಿಂದಿನವರು ಹಾರ್ನ್ ಮಾಡಿದರೆ ನಾನೇ ತಿರುಗಿ ಬೈಯಬೇಕಾಗುತ್ತಿತ್ತು. ಬೈಯುವುದು ನನಗೇನೂ ಕಷ್ಟವಲ್ಲ, ಆದರೆ ಅವಳನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಆಫೀಸಿನಲ್ಲಿ ರಾದ್ಧಾಂತವಾಯಿತು. ಜೆ.ಪಿ. ನಗರದ ದಿನಸಿ ಅಂಗಡಿಯೊಂದರಿಂದ ಬಾಳೆಎಲೆ, ತೆಂಗಿನಕಾಯಿ, ವೀಳ್ಯದೆಲೆ ತರಿಸಿದ್ದ ಮನೆಗಳಿಗೆ ಒಂದೇ ಸಾಮಾನು ಹೊತ್ತು ಒಬ್ಬನ ಹಿಂದೆ ಒಬ್ಬ ಹುಡುಗ ಬಂದು ನಿಂತ. ಒಬ್ಬ ಅಜ್ಜಿಯಂತೂ ಫೋನ್ ಮಾಡಿ, "ಇಷ್ಟೊಂದು ಬಾಳೆಎಲೆ ಕಳ್ಸಿದೀರಲ್ಲ, ಊಟಕ್ಕೆ ನೀವೂ ಬರ್ತೀರಾ?" ಎಂದು ಕೇಳಿದರು. ಕಾರಣ ಸಿಕ್ಕಿತು. ಹಬ್ಬದ ನೂಕುನುಗ್ಗಲಿನಲ್ಲಿ ಡೆಲಿವರಿ ಕಂಪನಿಯ ಸರ್ವೀಸು ಉತ್ತರ ಕೊಡಲು ತಡ ಮಾಡಿತ್ತು. ಉತ್ತರ ತಡವಾದದ್ದಕ್ಕೆ ನಮ್ಮ ಪ್ರೋಗ್ರಾಂ ಆರ್ಡರ್ ತಲುಪಲೇ ಇಲ್ಲವೆಂದು ತಿಳಿದು ಅದನ್ನೇ ಮತ್ತೆ ಕಳಿಸಿತ್ತು, ಮತ್ತೆ ಕಳಿಸಿತ್ತು.

ಆ ಭಾಗ ಬರೆದವನು ಮನೋಜ್, ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷವೂ ಆಗಿಲ್ಲ. ಜಯಶೀಲಾ ರಜೆಯಲ್ಲಿದ್ದ ವಾರ ಅದು ಹೊರಗೆ ಹೋಗಿತ್ತು. ಅವಳು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾನು ಎದುರಿನ ಮೇಜಿನಲ್ಲಿ ವೋಚರ್ ಜೋಡಿಸುತ್ತಿದ್ದೆ.

"ಟೆಸ್ಟ್ ಎಲ್ಲಾ ಪಾಸಾಗಿತ್ತು ಮೇಡಂ, ಬೇಕಾದ್ರೆ ನೋಡಿ" ಎಂದ ಮನೋಜ್.

ಅವಳು ನೋಡಿದಳು. ಆಮೇಲೆ ನಕ್ಕಳು, ಸಿಟ್ಟಿನ ನಗು.

"ನಿನ್ನ ಮಾಕ್ ಎಂಥಾ ದೇವರಂಥ ಮನುಷ್ಯನೋ ಮನೋಜ್! ಕೇಳಿದ ತಕ್ಷಣ ಹೂಂ ಅಂತಾನೆ. ತಡ ಮಾಡಲ್ಲ, ಇಲ್ಲ ಅನ್ನಲ್ಲ, ಅರ್ಧಕ್ಕೇ ಎದ್ದು ಹೋಗಲ್ಲ. ಇಂಥವ್ರು ಈ ಊರಲ್ಲಿ ಯಾರಿದಾರಪ್ಪಾ?"

"ಕೋಡ್ ಕೆಲಸ ಮಾಡುತ್ತಾ ಅಂತ ನೋಡೋಕೆ ತಾನೇ ಮೇಡಂ ಟೆಸ್ಟು?"

"ಎಲ್ಲಾ ಸರಿಯಿದ್ದಾಗ ಎಲ್ರೂ ಕೆಲಸ ಮಾಡ್ತಾರೆ ಕಣೋ. ಎದುರಿಗಿರೋರು ಸರಿಯಿಲ್ದಾಗ ಅದು ಏನ್ ಮಾಡುತ್ತೆ ಅಂತ ನೋಡ್ಬೇಕು. ನೀನು ಅದನ್ನ ಮುದ್ದು ಮಾಡಿ, ಅದಕ್ಕೆ ಒಂದೇ ಒಂದು ಕೆಟ್ಟ ಮಾತೂ ಕೇಳಿಸ್ದೆ ಬೆಳೆಸಿ, ಸೀದಾ ರಸ್ತೆಗೆ ತಳ್ಳಿ..."

ಅಲ್ಲಿಗೆ ಮಾತು ನಿಂತಿತು. ಮನೋಜ್ ಮುಂದಿನ ಬೈಗುಳಕ್ಕೆ ತಲೆ ತಗ್ಗಿಸಿ ಕಾಯುತ್ತಿದ್ದ. ಅವಳು ಎದ್ದು ಪ್ಯಾಂಟ್ರಿಗೆ ಹೋದಳು. ನಾನು ಹಿಂದೆಯೇ ಹೋದೆ. ಕಾಫಿ ಮಿಷನ್ನಿನ ಪಕ್ಕ ನಿಂತು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಿದ್ದಳು.

"ನಾನೂ ಮನೋಜನ ಕೆಲ್ಸಾನೇ ಮಾಡಿದೀನಿ ಅನ್ನಪೂರ್ಣ. ನನ್ನ ಗಿರಾಕಿಗಳೆಲ್ಲಾ ಕಾಯ್ತಾರೆ, ನಗ್ತಾರೆ, ಪರ್ವಾಗಿಲ್ಲ ಅಂತಾರೆ. ಅವ್ರು ಪದಕ್ಕೆ ತಡಕಾಡೋದು ನೋಡಿದ್ರೆ ನಂಗೆ ಕರುಳು ಕಿತ್ಕೊಂಡ್ ಬರುತ್ತೆ. ಕೆಟ್ಟ ಗಿರಾಕಿ ಆಗೋಕೆ ಮನಸ್ಸೇ ಬರ್ಲಿಲ್ಲ ಕಣೇ."

"ಅದ್ರಲ್ಲಿ ತಪ್ಪೇನಿದೆ? ಗಂಡ ತಾನೇ?"

"ತಪ್ಪಿದೆ. ಮಾತು ಬರುತ್ತಾ ಅಂತ ದಿನಾ ಪರೀಕ್ಷೆ ಮಾಡ್ದೆ. ಬರ್ದೇ ಇದ್ದಾಗ ಏನ್ ಮಾಡ್ಬೇಕು ಅಂತ ಒಂದ್ ದಿನಾನೂ ಹೇಳ್ಕೊಡ್ಲಿಲ್ಲ."

ಊರಿಗೆಲ್ಲ "ಬರ್ದೇ ಇದ್ರೆ?" ಎಂದು ಕೇಳುವವಳಿಗೆ ಸ್ವಂತ ಮನೆಯಲ್ಲಿ ಅದನ್ನು ಕೇಳಲು ಧೈರ್ಯ ಬಂದಿರಲಿಲ್ಲ. ಪ್ರೀತಿ ಹಾಗೆ ಮಾಡಿಸುತ್ತದೆ. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ.

ಮನೋಜನ ಕೈಲಿ ಅವಳು ಹೊಸ ಮಾಕ್‌ಗಳನ್ನು ಬರೆಸಿದಳು. ತಡವಾಗಿ ಉತ್ತರಿಸುವುದೊಂದು, ಆಗುವುದಿಲ್ಲ ಎನ್ನುವುದೊಂದು, ಅರ್ಧ ಹೇಳಿ ನಿಲ್ಲಿಸುವುದೊಂದು, ಏನನ್ನೂ ಹೇಳದೆ ಸುಮ್ಮನಿರುವುದೊಂದು. ಇವುಗಳ ಎದುರು ಪ್ರೋಗ್ರಾಂ ಗಾಬರಿಯಾಗದೆ ಸ್ವಲ್ಪ ಕಾಯಬೇಕು, ಮತ್ತೆ ಕಳಿಸುವ ಮೊದಲು ಹಿಂದಿನದು ತಲುಪಿತೇ ಎಂದು ಕೇಳಬೇಕು, ಏನೂ ಆಗದಿದ್ದರೆ ಅಂಗಡಿಯವನಿಗೆ ನೆಟ್ಟಗೆ ವಿಷಯ ತಿಳಿಸಬೇಕು. ಅದೆಲ್ಲ ಮುಗಿಸಿ ಅವತ್ತು ಸಂಜೆ ನನ್ನನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು.

ಕೈಲಾಸ್ ಟಿ.ವಿ. ಮುಂದೆ ಇದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಮೇಜನ್ನು ಬಡಿದಳು.

"ಏನ್ರೀ, ಎಷ್ಟೊತ್ತು ನಿಲ್ಲೋದು ಇಲ್ಲಿ? ಗ್ಯಾಸ್ಕೆಟ್ ಇದೆಯೋ ಇಲ್ವೋ?"

ಅವರು ಬೆಚ್ಚಿ ತಿರುಗಿದರು. "ಇ... ಇ..."

"ಇಲ್ಲ ತಾನೇ? ಅದನ್ನ ಹೇಳೋಕೆ ಇಷ್ಟೊತ್ತಾ?" ಎಂದವಳೇ ದಡದಡ ಮೆಟ್ಟಿಲಿಳಿದು ಹೋದಳು.

ಕೈಲಾಸ್ ಬಾಗಿಲನ್ನೇ ನೋಡುತ್ತಿದ್ದರು. ಸಿರಿಗೆ ಅಳು ಬರುವ ಹಾಗಾಗಿತ್ತು. ನಾನು ಇಣುಕಿ ನೋಡಿದರೆ ಜಯಶೀಲಾ ಕೆಳಗಿನ ಮೆಟ್ಟಿಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ಮೇಲೆ ಬಂದು ಗಂಡನ ಎದುರು ಕೂತಳು.

"ರೀ, ನಿಮ್ ಗಿರಾಕಿ ಹೊರಟೋದ್ಳು. ಮಾತು ಬರ್ಲಿಲ್ಲ, ಸರಿ. ಅದು ನಾಳೇನೂ ಬರ್ದೇ ಇರ್ಬಹುದು. ಬರ್ದೇ ಇದ್ದಾಗ ಏನ್ ಮಾಡ್ಬಹುದಿತ್ತು, ಯೋಚ್ನೆ ಮಾಡಿ."

ಕೈಲಾಸ್ ರಿಮೋಟ್ ತೆಗೆದು ಟಿ.ವಿ. ಆರಿಸಿದರು. ಆಮೇಲೆ ಬಲಗೈ ಎತ್ತಿ ಅಂಗೈಯನ್ನು ಅವಳ ಮುಖದ ಮುಂದೆ ಹಿಡಿದರು, ಟ್ರಾಫಿಕ್ ಪೊಲೀಸರ ಹಾಗೆ. ತಾಳು ಎಂದು.

ಅಲ್ಲಿಂದ ಶುರುವಾಯಿತು. ಮಾತು ಸಿಕ್ಕಿಕೊಂಡರೆ ಮೊದಲು ಅಂಗೈ. ಆಗಲೂ ಬರದಿದ್ದರೆ ಪಾತ್ರೆಯನ್ನೇ ತೆಗೆದು ಮುಂದಿಡುವುದು, ಬೆಲೆಯನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸುವುದು. ಅದೂ ಆಗದಿದ್ದರೆ ಶಿವರಾಜನನ್ನು ಕರೆಯುವುದು. ಈ ಕೊನೆಯದಕ್ಕೆ ಅವರು ಒಪ್ಪಲಿಲ್ಲ, ಮುಖ ಗಂಟಿಕ್ಕಿದರು. "ಕರ್ಯೋದು ಸೋಲಲ್ಲ ರೀ. ಎದ್ದು ಒಳಗೆ ಹೋಗೋದು ಸೋಲು" ಎಂದಳು ಜಯಶೀಲಾ. ಅವರು ಯೋಚಿಸಿ ಹೂಂಗುಟ್ಟಿದರು.

ಗಿರಾಕಿಗಳಿಗೇನೂ ಬರವಿರಲಿಲ್ಲ. ಸಿರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಂದು ಅಪ್ಪನ ಮುಖವನ್ನೂ ನೋಡದೆ ಹೋಗುತ್ತಿದ್ದಳು. ನಾನು ಚೌಕಾಸಿಯ ಗಿರಾಕಿ, ನನಗೆ ಇದಕ್ಕೆ ಬೇರೆ ತಾಲೀಮು ಬೇಕಿರಲಿಲ್ಲ. "ಇಷ್ಟು ತೆಳ್ಳಗಿರೋ ಪಾತ್ರೆಗೆ ಇಷ್ಟು ರೇಟಾ? ನಿಮ್ಮಪ್ಪನ ಕಾಲ್ದಲ್ಲಿ ಚೆನ್ನಾಗಿತ್ತು ಅಂಗ್ಡಿ" ಎಂದು ಒಂದು ದಿನ ಜೋರಾಗಿಯೇ ಹೇಳಿದೆ. ಅವರು ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, "ಬೇ... ಬೇಡ! ಹೋಗಿ!" ಎಂದರು. ಎಲ್ಲರೂ ಬೆಪ್ಪಾದೆವು. ಆಮೇಲೆ ಕೈಲಾಸ್ ನಗಲು ಶುರುಮಾಡಿದರು. ಸ್ಟ್ರೋಕ್ ಆದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಎಷ್ಟೋ ಸಂಜೆ ಏನೂ ಸರಿಹೋಗುತ್ತಿರಲಿಲ್ಲ, ಪಾತ್ರೆ ಕುಕ್ಕಿ ಎದ್ದುಬಿಡುತ್ತಿದ್ದರು. ಆಗ ಜಯಶೀಲಾ, "ಫೇಲಾಗ್ಲಿ ಅಂತಾನೇ ಮನೇಲಿ ಮಾಡೋದು" ಎಂದು ಪಾತ್ರೆ ಎತ್ತಿಡುತ್ತಿದ್ದಳು. ಆದರೆ ಗಂಡನ ಜೊತೆ ಒರಟಾಗಿ ಮಾತಾಡುವುದು ಅವಳಿಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಗೌರಿ ಹಬ್ಬಕ್ಕೆ ಕೆಲವೇ ದಿನವಿದ್ದಾಗ ಕೈಲಾಸ್ ಮತ್ತೆ ಗಲ್ಲಾದ ಮೇಲೆ ಕೂತರು. ನಾವಿಬ್ಬರೂ ಅರ್ಧ ದಿನ ರಜೆ ಹಾಕಿ ರಸ್ತೆಯ ಈಚೆ ಬದಿ, ಹೂವಿನವಳ ಬುಟ್ಟಿಯ ಹಿಂದೆ ಕಳ್ಳರ ಹಾಗೆ ನಿಂತೆವು. ಮೊದಲು ಬಂದ ಹೆಂಗಸಿಗೇ ಅವಸರ. ಕೈಲಾಸರ ಅಂಗೈ ಮೇಲೆದ್ದಿತು. ಅವಳು ನಿಂತಳು. ಪಾತ್ರೆ ಮುಂದೆ ಬಂತು, ಕ್ಯಾಲ್ಕುಲೇಟರ್ ತಿರುಗಿತು, ಚೀಲ ತುಂಬಿತು. ಇನ್ನೊಬ್ಬ ಮಧ್ಯದಲ್ಲೇ ಬಾಯಿ ಹಾಕಿದ. ಅವನಿಗೂ ಅಂಗೈ. ಒಮ್ಮೆ ಏನೂ ನಡೆಯದೆ "ಶಿವರಾಜ್" ಎಂದು ಕೂಗಿದರು. ಆ ಹೆಸರು ಮಾತ್ರ ಎಲ್ಲೂ ತಡೆಯದೆ ಬಂತು. ಅವನು ಬಂದು ಹೇಳಿಹೋದ, ಇವರು ಎದ್ದು ಹೋಗದೆ ಅಲ್ಲೇ ಕೂತಿದ್ದರು. ಜಯಶೀಲಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿತ್ತು.

ಆಗ ಆಟೋದಿಂದ ಒಬ್ಬ ಮುದುಕಿ ಇಳಿದರು. ಮುನಿವೆಂಕಟಮ್ಮ, ಜೆ.ಪಿ. ನಗರ ಆಗುವ ಮೊದಲು ಅಲ್ಲಿ ಹೊಲ ಉಳುತ್ತಿದ್ದ ಮನೆಯವರು, ಈಗ ಅದೇ ನೆಲದಲ್ಲಿ ಬಾಡಿಗೆ ಮನೆಗಳ ಒಡತಿ. ತಮ್ಮ ಹೆಣ್ಣುಮಕ್ಕಳೆಲ್ಲರ ಮದುವೆಯ ಪಾತ್ರೆಯನ್ನೂ ಇದೇ ಅಂಗಡಿಯಲ್ಲಿ ಕೊಂಡವರು ಎಂದು ಜಯಶೀಲಾ ಪಿಸುಗುಟ್ಟಿದಳು. ಮುದುಕಿಯ ಗಂಟಲು ರಸ್ತೆಯ ಈಚೆಗೂ ಕೇಳುತ್ತಿತ್ತು.

"ಎಲ್ಲಪ್ಪಾ ಹೋಗ್ಬುಟ್ಟಿದ್ದೆ ನೀನು? ಮೊಮ್ಮಗ್ಳು ಶೃತಿ ಮದ್ವೆ ಗೊತ್ತಾಗೈತೆ. ಪಾತ್ರೆಗೆ ಅಂತ ಎರಡ್ ಮೂರ್ ಕಿತ ಬಂದೆ, ನೀನಿರ್ಲಿಲ್ಲ. ಬೇರೆ ಅಂಗ್ಡೀಲಿ ತಗೋ ಅಂದ್ರು ಮನೇಲಿ. ಕೈಲಾಸಪ್ಪ ಬರ್ಲಿ, ಅವ್ನ್ ಕೈಲೇ ತಗೊತೀನಿ ಅಂತ ಕಾಯ್ತಾ ಕುಂತಿದೀನಿ ಕಣಪ್ಪ."

ಬೈಯುವ ಗಿರಾಕಿ, ಓಡಿಹೋಗುವ ಗಿರಾಕಿ, ಚೌಕಾಸಿಯ ಗಿರಾಕಿ, ಎಲ್ಲರಿಗೂ ತಾಲೀಮು ಕೊಟ್ಟಿದ್ದೆವು. ನಿನಗಾಗಿ ಕಾಯುತ್ತಿದ್ದೆ ಎನ್ನುವ ಗಿರಾಕಿ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಕೈಲಾಸ್ ಬಾಯಿ ತೆರೆದರು. ಅಂಗೈ ಏಳಲಿಲ್ಲ, ಕ್ಯಾಲ್ಕುಲೇಟರಿಗೆ ಕೈ ಹೋಗಲಿಲ್ಲ. ಗಲ್ಲಾದ ಮೇಲೆ ಕೂತ ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟರು.

ಜಯಶೀಲಾ ಗಾಡಿಗಳನ್ನೂ ನೋಡದೆ ರಸ್ತೆ ದಾಟಿ ಓಡಿದಳು. ನಾನು ಅವಳ ಬ್ಯಾಗು ಹಿಡಿದುಕೊಂಡು ಹಿಂದೆ ಓಡಿದೆ. "ಅಮ್ಮಾ, ಅವರಿಗೆ ಹುಷಾರಿರ್ಲಿಲ್ಲ, ಮಾತಾಡೋಕೆ ಸ್ವಲ್ಪ..." ಎಂದು ಅವಳು ಶುರುಮಾಡಿದ್ದೇ ತಡ, ಕೈಲಾಸ್ ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಇನ್ನೊಂದು ಕೈಯನ್ನು ಹೆಂಡತಿಯ ಮುಂದೆ ಹಿಡಿದರು. ಅವಳು ಗಪ್ಪನೆ ನಿಂತಳು.

"ಮ... ಮದುವೆ..." ಅವರು ಉಸಿರೆಳೆದುಕೊಂಡರು. ಮುನಿವೆಂಕಟಮ್ಮ ಸ್ಟೂಲಿನ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದರು. "ಮದುವೆ... ಯಾವಾಗಮ್ಮಾ?"

"ಕಾರ್ತೀಕದಾಗೆ ಕಣಪ್ಪ."

ಕೈಲಾಸ್ ತಲೆಯಾಡಿಸಿದರು. ಶಿವರಾಜನಿಗೆ ಮೇಲಿನ ಸಾಲಿನ ಹಂಡೆ ತೋರಿಸಿ ಇಳಿಸು ಎಂದು ಸನ್ನೆ ಮಾಡಿದರು. ಆಮೇಲೆ ಇನ್ನೂ ಅಲ್ಲೇ ನಿಂತಿದ್ದ ಹೆಂಡತಿಯ ಕಡೆ ನೋಡಿದರು.

"ನೀನು... ಆಫೀಸಿಗೆ ಹೋಗು, ಜಯಾ. ವ್ಯಾಪಾರ ಇದೆ."

ಸ್ಕೂಟರಿನ ಹತ್ತಿರ ಬಂದು ಅವಳು ಕೀಲಿ ಹಾಕಿದಳು, ಸ್ಟಾರ್ಟ್ ಮಾಡಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಅಳುತ್ತಾ ನಗುತ್ತಾ ಕೂತಳು.

"ನನ್ನನ್ನ ಹೋಗು ಅಂದ್ರು ಕಣೇ."

"ಹೂಂ, ಕೇಳಿಸ್ತು" ಎಂದೆ. ಹಿಂದೆ ಹತ್ತಿ ಕೂತು ಅವಳ ಭುಜದ ಮೇಲೆ ಕೈಯಿಟ್ಟೆ.